ಬಾಕ್ಸ್ ಸ್ಕೋರ್‌ನಲ್ಲಿ ತಾಳೆಯಾಗದ ಆ ಒಂದು

ಎಡಗಡೆ 43, ಬಲಗಡೆ 44. ಕೆಳಗೆ ಕ್ಯಾಬ್ ಬಂದು ನಿಂತಾಗಿತ್ತು.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 7:05ಕ್ಕೆ ಶುರುವಾಗುವ ಬೇಸ್‌ಬಾಲ್ ಪಂದ್ಯ, ಬೇಸಿಗೆಯಲ್ಲಿ ನಮ್ಮ ಶಿಫ್ಟಿಗೆ ಬೆಳಗಿನ ಜಾವ 4:35. ಒಂಬತ್ತು ಇನಿಂಗ್ಸಿಗೆ ಮುಗಿಯಬೇಕಾದ ಪಂದ್ಯ ಅವತ್ತು ಹತ್ತಕ್ಕೆ ಎಳೆದಿತ್ತು. ಕ್ಯೂಸಿಯ, ಅಂದರೆ ಅಂಕಿಗಳ ತಪಾಸಣೆಯ, ಕೊನೇ ಕೆಲಸ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶದ ಪಟ್ಟಿ) ತಾಳೆ ನೋಡೋದು. ಎಟ್ ಬ್ಯಾಟ್ (ಮುಂದಿನ ಐದನ್ನು ಬಿಟ್ಟು ಉಳಿದ ಬ್ಯಾಟಿಂಗ್ ಸರದಿ), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಕ್ಕ ಬೇಸ್), ಎಚ್‌ಬಿಪಿ (ಎಸೆತ ಮೈಗೆ ತಾಗಿ ಸಿಕ್ಕ ಬೇಸ್), ಸ್ಯಾಕ್ ಬಂಟ್, ಸ್ಯಾಕ್ ಫ್ಲೈ (ತಾನು ಔಟಾಗಿ ರನ್ನರ್‌ನನ್ನು ಮುಂದೆ ಕಳಿಸುವ ಹೊಡೆತಗಳು), ಇಂಟರ್‌ಫಿಯರೆನ್ಸಿಗೆ (ಎದುರಾಳಿ ಅಡ್ಡಿಪಡಿಸಿದ್ದಕ್ಕೆ) ಸಿಕ್ಕ ಬೇಸ್, ಇಷ್ಟನ್ನೂ ಎಡಗಡೆ ಕೂಡಿದರೆ ಬಲಗಡೆ ಆ ತಂಡದ ರನ್, ಎಲ್‌ಒಬಿ (ಇನಿಂಗ್ಸ್ ಮುಗಿದಾಗ ಬೇಸ್ ಮೇಲೆ ಉಳಿದವರು) ಮತ್ತು ಎದುರಾಳಿಯ ಪುಟ್‌ಔಟ್‌ಗಳ (ಮಾಡಿದ ಔಟ್‌ಗಳ) ಮೊತ್ತಕ್ಕೆ ಸಮ ಬರಬೇಕು. ಬ್ಯಾಟ್ ಹಿಡಿದು ಬಂದವನಿಗೆ ಮೂರೇ ಗತಿ: ರನ್ ಆಗೋದು, ಔಟ್ ಆಗೋದು, ಬೇಸ್ ಮೇಲೇ ಉಳಿಯೋದು.

ವಿಸಿಟಿಂಗ್ ತಂಡದ್ದು 38+3+1+0+1+0, ಅಂದರೆ 43. ಆಚೆ 5+9+30, ಅಂದರೆ 44.

ಎಲ್‌ಒಬಿ ಮೇಲೆ ನನ್ನ ಅನುಮಾನ ಹೋಗಿದ್ದರಲ್ಲಿ ತಪ್ಪಿಲ್ಲ, ಜಾಸ್ತಿ ಎಡವಟ್ಟು ಆಗೋದೇ ಅಲ್ಲಿ. ಫೋರ್ಸ್‌ಔಟ್‌ನಿಂದ (ಹಿಂದಿನವನಿಗೆ ಜಾಗ ಬಿಡಲು ಓಡಲೇಬೇಕಾದ ರನ್ನರ್ ಔಟಾಗಿ) ಮೂರನೇ ಔಟ್ ಬಿದ್ದರೆ ಚೆಂಡು ಹೊಡೆದವನನ್ನೂ ಎಲ್‌ಒಬಿಗೆ ಸೇರಿಸಬೇಕು; ಇದನ್ನು ಎಲ್ಲರೂ ಮರೀತಾರೆ. ಕೆಲವರಂತೂ ಆಟಗಾರರ ಎದುರಿಗಿರುವ ಎಲ್‌ಒಬಿಗಳನ್ನು ಕೂಡಿ ತಂಡದ್ದು ಅಂತ ಹಾಕಿಬಿಡ್ತಾರೆ. ಉಳಿದ ಒಬ್ಬನೇ ರನ್ನರ್ ಮೂರು ಬ್ಯಾಟರ್‌ಗಳ ಲೆಕ್ಕದಲ್ಲೂ ಬಂದಿರಬಹುದು, ಹಾಗಾಗಿ ಆ ಮೊತ್ತ ತಂಡದ್ದಕ್ಕಿಂತ ಬಹಳ ದೊಡ್ಡದಾಗಿರುತ್ತೆ.

ಆದರೆ ಫೋರ್ಸ್‌ಔಟ್ ತಪ್ಪಾಗಿದ್ದರೆ ಎಲ್‌ಒಬಿ ಒಂದು ಕಮ್ಮಿ ಬರಬೇಕಿತ್ತು. ನನಗೆ ಬಂದಿದ್ದು ಒಂದು ಜಾಸ್ತಿ. ಆಟಗಾರರದ್ದು ಕೂಡಿಹಾಕಿದ್ದರೆ ವ್ಯತ್ಯಾಸ ಒಂದಕ್ಕೆ ನಿಲ್ಲುತ್ತಿರಲಿಲ್ಲ. ಅಲ್ಲೇ ಕೈ ತಡೀಬೇಕಿತ್ತು. 9 ಅಳಿಸಿ 8 ಮಾಡಿದೆ, ಸ್ಕ್ರೀನ್ ಹಸಿರಾಯಿತು, ಅಪ್ರೂವ್ ಒತ್ತಿದೆ.

ಮಧ್ಯಾಹ್ನ ಟಿಕೆಟ್ (ತಪ್ಪಿನ ದೂರು) ಬಂತು: ಪ್ಲೇ ಬೈ ಪ್ಲೇ (ಆಟದ ಪ್ರತಿ ನಡೆಯ ದಾಖಲೆ) ಪ್ರಕಾರ ಎಲ್‌ಒಬಿ 9.

ಆ ಒಂದು ಎಲ್ಲಿಂದ ಬಂತು ಅಂದರೆ, 2020ರಿಂದ ಮೇಜರ್ ಲೀಗ್‌ನ ರೆಗ್ಯುಲರ್ ಸೀಸನ್‌ನಲ್ಲಿ ಹತ್ತನೇ ಇನಿಂಗ್ಸಿನಿಂದಾಚೆ ಪ್ರತಿ ಅರ್ಧ ಇನಿಂಗ್ಸೂ ಎರಡನೇ ಬೇಸ್ ಮೇಲೆ ಒಬ್ಬ ರನ್ನರ್ ಇದ್ದೇ ಶುರುವಾಗುತ್ತೆ. ಅವನು ಬ್ಯಾಟ್ ಮಾಡಿ ಅಲ್ಲಿಗೆ ಬಂದವನಲ್ಲ, ಎಡಗಡೆ ಅವನ ಲೆಕ್ಕವೇ ಇಲ್ಲ. ಬಲಗಡೆ ಮಾತ್ರ ರನ್ನೋ ಔಟೋ ಎಲ್‌ಒಬಿಯೋ ಆಗಿ ಬಂದೇ ಬರ್ತಾನೆ. ಹಾಗಾಗಿ ತಂಡ ಬ್ಯಾಟ್ ಮಾಡಿದ ಪ್ರತಿ ಹೆಚ್ಚುವರಿ ಇನಿಂಗ್ಸಿಗೂ ಎಡಗಡೆ 1 ಸೇರಿಸಬೇಕು. ಪಂದ್ಯ ಹನ್ನೆರಡಕ್ಕೆ ಹೋದರೆ 3. ಪೋಸ್ಟ್ ಸೀಸನ್‌ನಲ್ಲಿ (ಕೊನೆಯ ಪ್ರಶಸ್ತಿ ಸುತ್ತಿನಲ್ಲಿ) ಈ ರಗಳೆ ಇಲ್ಲ.

ಆ ರನ್ನರ್ ಹೊಡೆದ ರನ್ ಪಿಚರ್‌ನ (ಚೆಂಡು ಎಸೆಯುವವನ) ಆರ್ ಕಾಲಮ್ಮಿಗೆ (ಒಟ್ಟು ರನ್) ಬೀಳುತ್ತೆ, ಇಆರ್‌ಗೆ (ಅರ್ನ್ಡ್ ರನ್, ಪಿಚರ್‌ನ ತಲೆಗೇ ಕಟ್ಟುವ ರನ್) ಬೀಳಲ್ಲ. ಫೀಲ್ಡರ್ ಯಾರಿಗೂ ಎರರ್ (ಫೀಲ್ಡಿಂಗ್ ತಪ್ಪು) ಇಲ್ಲ. 'ಎರರ್ ಇಲ್ಲದೆ ಅನ್‌ಅರ್ನ್ಡ್ ರನ್' ಅಂತ ನಮ್ಮ ಟೂಲ್ ಕೆಂಪು ಬಾವುಟ ಎತ್ತುತ್ತೆ. ಅದನ್ನು ನಂಬಿ ಇಆರ್ ಏರಿಸಿದರೆ ಪಿಚರ್‌ನ ಇಆರ್‌ಎ (ಒಂಬತ್ತು ಇನಿಂಗ್ಸಿಗೆ ಇಆರ್ ಸರಾಸರಿ) ಕೆಟ್ಟಿತು.

ಈಗ ಒಂದು ವ್ಯತ್ಯಾಸ ಬಂದರೂ ಮೊತ್ತ ಮುಟ್ಟಲ್ಲ. ಇನಿಂಗ್ಸ್ ಇನಿಂಗ್ಸ್ ಬಿಡಿಸಿ ನೋಡ್ತೀನಿ: ಬಂದ ಬ್ಯಾಟರ್‌ಗಳಲ್ಲಿ ರನ್ ಕಳೆ, ಔಟ್ ಕಳೆ, ಉಳಿದದ್ದು ಎಲ್‌ಒಬಿ. ಹತ್ತರಿಂದ ಮುಂದೆ ಮೊದಲೇ ಒಂದು ಕೂಡಿಸು. ಎರಡು ನಿಮಿಷದ ಕೆಲಸ.

ಹಸಿರು ಬಂದರೂ ಸ್ಕೋರಿಂಗ್ ಚೇಂಜ್ (ಪಂದ್ಯದ ನಂತರ ಬದಲಾದ ತೀರ್ಪು) ನಮ್ಮ ಕಣ್ಣು ತಪ್ಪಿರಬಹುದು. ಹಿಟ್ಟೋ ಎರರ್ರೋ ಅಂತ ತೀರ್ಮಾನಿಸುವ ಅಫಿಷಿಯಲ್ ಸ್ಕೋರರ್ 24 ಗಂಟೆಯೊಳಗೆ ತನ್ನ ತೀರ್ಪು ಬದಲಿಸಬಹುದು. ಆಟಗಾರ ಅಥವಾ ತಂಡ 72 ಗಂಟೆಯೊಳಗೆ ಲೀಗ್‌ಗೆ ಮರುಪರಿಶೀಲನೆ ಕೇಳಬಹುದು. ಹಿಟ್ ಹೋಗಿ ಎರರ್ ಆದರೆ ಬ್ಯಾಟರ್‌ನ ಹಿಟ್, ಪಿಚರ್ ಕೊಟ್ಟ ಹಿಟ್, ಫೀಲ್ಡರ್‌ನ ಎರರ್, ತಂಡಗಳ ಮೊತ್ತ, ಕೆಲವೊಮ್ಮೆ ಆರ್‌ಬಿಐ (ಬ್ಯಾಟರ್ ತಂದುಕೊಟ್ಟ ರನ್) ಎಲ್ಲ ತಿದ್ದಬೇಕು. ಇಆರ್‌ಗಂತೂ ಇನಿಂಗ್ಸನ್ನೇ ಎರರ್ ಇಲ್ಲದ ಹಾಗೆ ಮತ್ತೆ ಕಟ್ಟಿ ನೋಡಬೇಕು. ಎಟ್ ಬ್ಯಾಟ್ ಮಾತ್ರ ಇದ್ದಲ್ಲೇ ಇರುತ್ತೆ, ಹಾಗಾಗಿ ಇವುಗಳಲ್ಲಿ ಒಂದನ್ನೂ ತಿದ್ದದಿದ್ದರೂ ತಾಳೆ ಕೂತೇ ಕೂರುತ್ತೆ.

ಮ್ಯಾನೇಜ್‌ಮೆಂಟ್ ಎಣಿಸೋದು ಹಸಿರನ್ನೇ. ಆ ಎರಡನೇ ಬೇಸ್‌ನವನಿಗೆ ಟೂಲ್‌ನಲ್ಲಿ ಇನ್ನೂ ಒಂದು ಖಾನೆ ಕೊಟ್ಟಿಲ್ಲ. ರಿಮಾರ್ಕ್ಸ್‌ನಲ್ಲಿ '+1' ಅಂತ ಕೈಯಾರೆ ಬರೀತಿದೀವಿ.