ಬೆಳಗಿನ ಗಾಳಿ, ಬಂಕಿನ ಗಾಳಿ

ಬಂಕಿನಲ್ಲಿ ಗಾಳಿ ಹೊಡೆಯುವ ಹುಡುಗ ಕೇಳುವುದು ಒಂದೇ ಪ್ರಶ್ನೆ, “ಎಷ್ಟು ಹಾಕ್ಲಿ ಸಾರ್?” ಕೆಲವರು ಯೋಚನೆಯೇ ಮಾಡದೆ “ಮೂವತ್ತೈದು ಹಾಕಪ್ಪ” ಅನ್ನುತ್ತಾರೆ. ಇನ್ನು ಕೆಲವರು “ನೀನೇ ನೋಡಿ ಹಾಕು” ಅಂತ ಫೋನ್ ನೋಡುತ್ತಾ ಕೂರುತ್ತಾರೆ. ಎಷ್ಟು ಅನ್ನುವುದರ ಜೊತೆಗೆ ಯಾವಾಗ ಅನ್ನುವುದೂ ಮುಖ್ಯ ಅಂತ ಇಬ್ಬರಿಗೂ ಹೊಳೆಯುವುದಿಲ್ಲ. ಬೇಲೂರಿನಿಂದ ಹಾಸನದವರೆಗೆ ಓಡಿ ಬಂದ ಟೈರು ಬಂಕಿಗೆ ತಲುಪುವಾಗ ಬಿಸಿಯಾಗಿರುತ್ತದೆ. ಒಳಗಿನ ಗಾಳಿಯೂ ಕಾದು, ಇರಬೇಕಾದ್ದಕ್ಕಿಂತ 3ರಿಂದ 5 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಮಾನ) ಹೆಚ್ಚು ತೋರಿಸುತ್ತದೆ. ಆಗ ಮೀಟರಿನಲ್ಲಿ 33 ಕಂಡರೆ, ಮಾರನೇ ಬೆಳಿಗ್ಗೆ ಅದೇ ಟೈರಿನಲ್ಲಿ 29 ಇರುತ್ತದೆ.

ಕಾರಿನ ಕಂಪನಿ ಕೊಡುವ ಅಂಕಿ ತಣ್ಣಗಿರುವ ಟೈರಿನದು. ತಣ್ಣಗೆ ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಮನೆಯಿಂದ ಹೊರಟು ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಬಂಕು ಅಷ್ಟು ಹತ್ತಿರದಲ್ಲಿರುವ ಮನೆಗಳು ನಮ್ಮ ಕಡೆ ಎಷ್ಟಿವೆ? ಮೂಡಿಗೆರೆ, ಆಲ್ದೂರು, ಸಕಲೇಶಪುರದ ಸುತ್ತಲಿನ ತೋಟದ ಮನೆಗಳಿಂದ ಮುಖ್ಯರಸ್ತೆಗೆ ಬರುವಷ್ಟರಲ್ಲೇ ಟೈರು ಬಿಸಿಯಾಗಿರುತ್ತದೆ. ಅದಕ್ಕೇ ಒಂದು ಗೇಜು, ಒಂದು ಪಂಪು ಮನೆಯಲ್ಲೇ ಇರಬೇಕು.

ಮೊದಲು ಅಂಕಿ ಹುಡುಕಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಅಲ್ಲಿಲ್ಲದಿದ್ದರೆ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಕಾರಿನ ಪುಸ್ತಕದಲ್ಲೋ ಸಿಗುತ್ತದೆ. ನಮ್ಮ ರಸ್ತೆಯಲ್ಲಿ ಓಡುವ ಹೆಚ್ಚಿನ ಕಾರುಗಳಿಗೆ ಅದು 29ರಿಂದ 36ರ ಒಳಗೆ. ಮುಂದಿನ ಟೈರಿಗೆ ಒಂದು, ಹಿಂದಿನದಕ್ಕೆ ಇನ್ನೊಂದು ಅಂಕಿ ಇರಬಹುದು. ಇಬ್ಬರು ಕೂತಾಗ ಎಷ್ಟು, ಪೂರ್ತಿ ಲೋಡ್ ಇದ್ದಾಗ ಎಷ್ಟು ಅಂತಲೂ ಬೇರೆ ಬೇರೆ ಕೊಟ್ಟಿರುತ್ತಾರೆ. ಬಾರ್‌ನಲ್ಲಿ ಬರೆದಿದ್ದರೆ 14.5ರಿಂದ ಗುಣಿಸಿ: 2.2 ಬಾರ್ ಅಂದರೆ 32 ಪಿಎಸ್‌ಐ. ಕಿಲೋಪಾಸ್ಕಲ್ ಆದರೆ 230ಕ್ಕೆ 33. ಟೈರಿನ ಪಕ್ಕದಲ್ಲೇ ಅಚ್ಚಾಗಿರುವ 44 ಅಥವಾ 51 ಅನ್ನುವ ಅಂಕಿಯನ್ನು ನೋಡಿ ಗಾಳಿ ಹೊಡೆಸುವವರಿದ್ದಾರೆ. ಅದು ಆ ಟೈರು ತಡೆಯುವ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಬೇಕಾದ್ದಲ್ಲ.

ಗೇಜಿಗೆ ಬಹಳ ದುಡ್ಡು ಸುರಿಯಬೇಕಿಲ್ಲ. ಡಿಜಿಟಲ್ ಆದರೂ ಸರಿ, ಗಡಿಯಾರದಂಥ ಡಯಲ್ ಇರುವುದಾದರೂ ಸರಿ. ಪೆನ್ನಿನಂತೆ ಕಡ್ಡಿ ಹೊರಬರುವ ಗೇಜಿನಲ್ಲಿ ಒಂದೆರಡು ಪಿಎಸ್‌ಐ ಅತ್ತಿತ್ತ ಆಗುತ್ತದೆ. ಕೊಂಡ ದಿನ ಒಂದೇ ಟೈರನ್ನು ಮೂರು ಸಲ ಅಳೆದು ನೋಡಿ. 31.5, 31.5, 32 ಬಂದರೆ ಒಳ್ಳೆಯ ಗೇಜು. 30, 33, 31 ಬಂದರೆ ವಾಪಸ್ ಕೊಡಿ. ಆಮೇಲೆ ಒಮ್ಮೆ ನಂಬಿಕೆಯ ಟೈರ್ ಅಂಗಡಿಯ ಗೇಜಿನ ಜೊತೆ ಹೋಲಿಸಿಕೊಳ್ಳಿ. ಸದಾ ಒಂದು ಪಿಎಸ್‌ಐ ಹೆಚ್ಚು ತೋರಿಸುವ ಗೇಜಾದರೂ ನಡೆಯುತ್ತದೆ, ಲೆಕ್ಕದಲ್ಲಿ ಕಳೆದುಕೊಂಡರಾಯಿತು. ದಿನಕ್ಕೊಂದು ತೋರಿಸುವುದರಿಂದ ಏನೂ ಪ್ರಯೋಜನವಿಲ್ಲ.

ಪಂಪಿನಲ್ಲಿ ಎರಡು ಬಗೆ. ಕಾಲಲ್ಲಿ ತುಳಿಯುವ ಪಂಪು ಎಂದೂ ಕೈಕೊಡುವುದಿಲ್ಲ, ಬೆವರು ಮಾತ್ರ ಹರಿಯುತ್ತದೆ. ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಪಂಪು 120ರಿಂದ 150 ವ್ಯಾಟಿನದಾದರೆ 10ರಿಂದ 13 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿಗೆ ಸಾಕೆಟ್ಟಿನ ಫ್ಯೂಸು ತುದಿಗೆ ಬಂದಿರುತ್ತದೆ, ಆದ್ದರಿಂದ ಅದೇ ಸಾಕೆಟ್ಟಿನಲ್ಲಿ ಇನ್ನೇನನ್ನೂ ಹಂಚಿಕೊಳ್ಳಬೇಡಿ. ಎಂಜಿನ್ ಚಾಲೂ ಇಟ್ಟರೆ ಬ್ಯಾಟರಿ ಇಳಿಯುವುದಿಲ್ಲ. ಆದರೆ ಕಾರನ್ನು ಶೆಡ್ಡಿನಿಂದ ಹೊರಗೆ ತಂದು ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆ ತುಂಬಿ ಪ್ರಾಣಕ್ಕೇ ಬರುತ್ತದೆ. ತೋಟದ ಮನೆಯವರಿಗೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗ ಬೇಡ: ಸಮತಟ್ಟು, ಗಟ್ಟಿ ನೆಲ, ಕೆಳಗೆ ಬಿದ್ದ ವಾಲ್ವಿನ ಕ್ಯಾಪೂ ಕಣ್ಣಿಗೆ ಬೀಳುತ್ತದೆ.

ಬಿಸಿಲು ಬೀಳುವ ಮೊದಲೇ ಶುರು ಮಾಡಿ. ಪೂರ್ವಕ್ಕೆ ಮುಖವಿರುವ ಪಕ್ಕದ ಟೈರುಗಳಿಗೆ ಅರ್ಧ ಗಂಟೆ ಎಳೆಬಿಸಿಲು ಬಡಿದರೂ ಎಡಕ್ಕೂ ಬಲಕ್ಕೂ ಅಂಕಿ ಬೇರೆಯಾಗಿ, ಇಲ್ಲದ ತೊಂದರೆ ಇದ್ದಂತೆ ಕಾಣುತ್ತದೆ. ಕ್ಯಾಪ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ವಾಲ್ವಿನ ಬಾಯಿಯ ಮಣ್ಣನ್ನು ಬಟ್ಟೆಯಿಂದ ಒರೆಸಿ. ಗೇಜನ್ನು ಓರೆ ಮಾಡದೆ ನೇರವಾಗಿ ಒತ್ತಿ. ‘ಟುಸ್’ ಅಂತ ಒಂದೇ ಸಲ ಸದ್ದಾಗಿ ನಿಂತರೆ ಸರಿಯಾಗಿ ಕೂತಿದೆ. ಸದ್ದು ನಿಲ್ಲದಿದ್ದರೆ ಗಾಳಿ ಹೊರಗೆ ಹೋಗುತ್ತಿದೆ ಎಂದರ್ಥ, ಆಗ ಬಂದ ಅಂಕಿಯನ್ನು ನಂಬಬೇಡಿ. ನಾಲ್ಕೂ ಟೈರು ಅಳೆದು ಬರೆದುಕೊಂಡ ಮೇಲೆಯೇ ಪಂಪು ಹಚ್ಚಿ. 28ರಿಂದ 33ಕ್ಕೆ ಏರಿಸಲು ಸಣ್ಣ ಕಾರಿನ ಟೈರಿಗೆ ಒಂದೆರಡು ನಿಮಿಷ ಸಾಕು. ಪಂಪು ಓಡುವಾಗ ಅದರ ಮೀಟರು ಹೆಚ್ಚು ತೋರಿಸುತ್ತದೆ, ನಿಲ್ಲಿಸಿದ ಮೇಲೆ ಓದಿ. ತಿರುಗಿಸಿ ಹಾಕುವ ಹೋಸಿನ ಹಿತ್ತಾಳೆ ತುದಿ ಅಷ್ಟರಲ್ಲಿ ಕೈ ಸುಡುವಷ್ಟು ಕಾದಿರುತ್ತದೆ. ಸುಟ್ಟಿತೆಂದು ನಿಧಾನಕ್ಕೆ ಬಿಚ್ಚಿದರೆ ತುಂಬಿದ್ದರಲ್ಲಿ ಅರ್ಧ–ಒಂದು ಪಿಎಸ್‌ಐ ಹೋಯಿತು. ಬಟ್ಟೆ ಹಿಡಿದು ಸರಕ್ಕನೆ ತಿರುಗಿಸಿ. ಒಂದು ಪಿಎಸ್‌ಐ ಜಾಸ್ತಿಯೇ ತುಂಬಿ, ಆಮೇಲೆ ವಾಲ್ವಿನ ನಡುವಿನ ಪಿನ್ನನ್ನು ಉಗುರಿನಿಂದ ಒತ್ತಿ ಬಿಟ್ಟು ಬಿಟ್ಟು ಇಳಿಸಿದರೆ ಅಂಕಿ ಸರಿಯಾಗಿ ಕೂರುತ್ತದೆ.

ಹದಿನೈದು ದಿನಕ್ಕೊಮ್ಮೆ ಅಳೆದರೆ ಚೆನ್ನ, ತಿಂಗಳಿಗೊಮ್ಮೆಯಂತೂ ತಪ್ಪಿಸಬೇಡಿ. ಯಾವ ತೂತೂ ಇಲ್ಲದ ಟೈರಿನಿಂದಲೂ ರಬ್ಬರಿನ ಮೂಲಕವೇ ತಿಂಗಳಿಗೆ 1ರಿಂದ 2 ಪಿಎಸ್‌ಐ ಸೋರುತ್ತದೆ.

ಇದರ ಮೇಲೆ ನಮ್ಮ ಜಿಲ್ಲೆಗಳ ಚಳಿ. ಆರು ಡಿಗ್ರಿ ಸೆಲ್ಸಿಯಸ್ ಇಳಿದರೆ ಒಂದು ಪಿಎಸ್‌ಐ ಇಳಿಯಿತು ಅಂತ ಲೆಕ್ಕ ಇಟ್ಟುಕೊಳ್ಳಿ. ಏಪ್ರಿಲಿನಲ್ಲಿ 32 ಡಿಗ್ರಿಯ ಮಧ್ಯಾಹ್ನ ತುಂಬಿಸಿದ ಗಾಳಿ ಡಿಸೆಂಬರಿನ 14 ಡಿಗ್ರಿಯ ಬೆಳಿಗ್ಗೆ, ಸೋರಿಕೆ ಬಿಟ್ಟೇ, 3 ಪಿಎಸ್‌ಐ ಕಡಿಮೆ ಇರುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಹಳದಿ ದೀಪ ಹತ್ತಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ತಾನೇ ಆರುವುದು ಇದಕ್ಕೇ. ದೀಪ ಆರಿತು ಅಂತ ಬಿಡಬೇಡಿ, ಟೈರು ಕಾದದ್ದರಿಂದ ಆರಿದೆ ಅಷ್ಟೆ.

ಮಂಗಳೂರಿಗೆ ಹೋಗಿಬರುವವರು ಕೇಳುವುದುಂಟು: ಘಾಟಿ ಇಳಿದಾಗ ಒತ್ತಡ ಬದಲಾಗುವುದಿಲ್ಲವೇ? ಬದಲಾಗುತ್ತದೆ, ಆದರೆ ತಮಾಷೆಯಾಗಿ. ಗೇಜು ತೋರಿಸುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ 14.7 ಪಿಎಸ್‌ಐ. ಹಾಸನ, ಚಿಕ್ಕಮಗಳೂರು ಇರುವ ಸುಮಾರು 1,000 ಮೀಟರ್ ಎತ್ತರದಲ್ಲಿ ಅದು 13ರ ಹತ್ತಿರ. ಹಾಗಾಗಿ ಇಲ್ಲಿಂದ ಕೆಳಗಿಳಿದರೆ ಗೇಜಿನಲ್ಲಿ ಒಂದೂವರೆ ಪಿಎಸ್‌ಐ ಇಳಿಯಬೇಕು. ಆದರೆ ಕೆಳಗೆ ಸೆಕೆ. ಇಲ್ಲಿ 15 ಡಿಗ್ರಿಯಲ್ಲಿ ತುಂಬಿದ್ದು ಅಲ್ಲಿ 30 ಡಿಗ್ರಿಯಲ್ಲಿ ಎರಡೂವರೆ ಪಿಎಸ್‌ಐ ಏರುತ್ತದೆ. ಏರಿದ್ದರಲ್ಲಿ ಇಳಿದದ್ದು ಕಳೆದರೆ ಉಳಿಯುವುದು ಒಂದರಷ್ಟು. ಅದಕ್ಕಾಗಿ ಗಾಳಿ ತೆಗೆಯುವುದೂ ಬೇಡ, ಹಾಕುವುದೂ ಬೇಡ. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿದು ನಿಲ್ಲಿಸಿದ ತಕ್ಷಣ ಅಳೆದರೆ ಬ್ರೇಕಿನ ಕಾವು ರಿಮ್ಮಿಗೆ, ರಿಮ್ಮಿನದು ಗಾಳಿಗೆ ಸೇರಿ 38 ಕಂಡೀತು. ಗಾಬರಿಯಾಗಿ ಗಾಳಿ ಬಿಟ್ಟುಬಿಡುವವರೇ ಹೆಚ್ಚು. ಕಾರಿನ ಕಂಪನಿಯವರು ಆ ಏರಿಕೆಯನ್ನೂ ಲೆಕ್ಕ ಹಿಡಿದೇ ತಣ್ಣನೆಯ ಅಂಕಿ ಕೊಟ್ಟಿರುತ್ತಾರೆ. ಬಿಸಿ ಟೈರಿನಿಂದ ಗಾಳಿ ತೆಗೆಯಲೇಬೇಡಿ. ದಾರಿಯಲ್ಲಿ ತುಂಬಿಸಲೇಬೇಕಾಗಿ ಬಂದರೆ ಸ್ಟಿಕ್ಕರಿನ ಅಂಕಿಗೆ 4 ಸೇರಿಸಿ ಹಾಕಿಸಿ, ಮಾರನೇ ಬೆಳಿಗ್ಗೆ ಮನೆಯಲ್ಲಿ ಸರಿಮಾಡಿಕೊಳ್ಳಿ.

ಮಳೆಗಾಲದಲ್ಲಿ ಗ್ರಿಪ್ ಸಿಗಲಿ ಅಂತ ಗಾಳಿ ಇಳಿಸುವ ಅಭ್ಯಾಸ ಮಲೆನಾಡಿನಲ್ಲಿ ಹಳೆಯದು. ತೋಟದೊಳಗಿನ ಕೆಸರಿಗೆ ಅದು ಸರಿ, ಟೈರು ಅಗಲವಾಗಿ ಕೂತು ಹೂತುಕೊಳ್ಳದೆ ಬರುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬದಿದ್ದರೆ ಅದೇ ಅಪಾಯ. ರಸ್ತೆಯ ಮೇಲೆ ನಿಂತ ನೀರನ್ನು ಒತ್ತಿ ಹೊರಹಾಕುವುದು ಟೈರಿನ ಒತ್ತಡವೇ. ವಿಮಾನದ ಟೈರುಗಳಿಗಾಗಿ ಮಾಡಿದ ಒಂದು ಹಳೆಯ ಲೆಕ್ಕದ ಪ್ರಕಾರ, ನಿಂತ ನೀರಿನಲ್ಲಿ 33 ಪಿಎಸ್‌ಐ ಇರುವ ಟೈರು ಗಂಟೆಗೆ 95 ಕಿಲೋಮೀಟರಿನ ಹತ್ತಿರ ನೀರಿನ ಮೇಲೆ ತೇಲತೊಡಗುತ್ತದೆ, 24 ಇರುವುದು 81ರಲ್ಲೇ. ಕಾರಿನ ಟೈರು, ಅದರ ಸವೆತ, ನೀರಿನ ಆಳ ನೋಡಿ ಅಂಕಿ ಹೆಚ್ಚುಕಡಿಮೆಯಾದೀತು, ಆದರೆ ಗಾಳಿ ಕಡಿಮೆಯಾದಷ್ಟೂ ಬೇಗ ತೇಲುತ್ತದೆ ಅನ್ನುವುದು ಬದಲಾಗುವುದಿಲ್ಲ. ಗುಂಡಿಯ ವಿಷಯವೂ ಹೀಗೆಯೇ: ಗಾಳಿ ಕಡಿಮೆ ಇದ್ದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರಿನ ಪಕ್ಕ ಸಿಕ್ಕಿ ಒಳಗಿನ ದಾರಗಳು ಹರಿಯುತ್ತವೆ. ಕೆಲವು ದಿನಕ್ಕೆ ಅಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಏಳುತ್ತದೆ. ಆ ಟೈರಿಗೆ ರಿಪೇರಿ ಇಲ್ಲ.

ಹಿಂದಿನ ಸೀಟು ಮಡಚಿ 50 ಕಿಲೋದ ನಾಲ್ಕು ಕಾಫಿ ಮೂಟೆ ಹೇರಿದರೆ ಅದು ಮೂರು ಜನರ ತೂಕ. ಹೊರಡುವ ಮೊದಲೇ ಲೋಡಿನ ಅಂಕಿಗೆ ಹಿಂದಿನ ಟೈರು ಏರಿಸಿ, ಇಳಿಸಿ ಬಂದ ಮೇಲೆ ಹಳೆಯದಕ್ಕೆ ತನ್ನಿ. ಇದನ್ನು ಮಾಡುವವರು ಕಡಿಮೆ, ಹಿಂದಿನ ಟೈರಿನ ಎರಡೂ ಅಂಚು ಸವೆದ ಕಾರುಗಳು ಮಾತ್ರ ಬೇಕಾದಷ್ಟಿವೆ. ಅಂಚುಗಳು ಸವೆದರೆ ಗಾಳಿ ಕಡಿಮೆ, ನಡು ಸವೆದರೆ ಗಾಳಿ ಜಾಸ್ತಿ, ಒಂದೇ ಪಕ್ಕ ಸವೆದರೆ ಅಲೈನ್‌ಮೆಂಟ್ ನೋಡಿಸಬೇಕು.

ಬರೆದಿಡಿ ಅಂದದ್ದಕ್ಕೆ ಕಾರಣ ಇದೆ. ಹದಿನೈದು ದಿನದ ಹಿಂದೆ ನಾಲ್ಕೂ 33 ಇದ್ದವು, ಈಗ 32, 32, 32, 29. ಮೂರು ಚಳಿಗೆ ಇಳಿದಿವೆ, ನಾಲ್ಕನೆಯದು ಸೋರುತ್ತಿದೆ. ಮೊದಲು ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿ. ಗುಳ್ಳೆ ಉಬ್ಬಿದರೆ ಪಿನ್ ಸಡಿಲವಾಗಿದೆ ಇಲ್ಲವೇ ಅದರ ತಳದ ರಬ್ಬರು ಹೋಗಿದೆ. ಪಿನ್ ಬಿಗಿಮಾಡುವ ಪುಟ್ಟ ಕೀಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಬೆರಳ ತುದಿಯ ಬಿಗಿ ಸಾಕು, ಬಲ ಹಾಕಿದರೆ ಎಳೆ ಕೆಡುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಿಂಪಡಿಸಿ. ನೆಕ್ಕಿನ, ಅಂದರೆ ವಾಲ್ವಿನ ರಬ್ಬರ್ ಕೊಳವೆಯ, ಬುಡವನ್ನು ಬಗ್ಗಿಸಿ ನೋಡಿ, ಹಳೆಯ ರಬ್ಬರು ಬಗ್ಗಿಸಿದಾಗ ಮಾತ್ರ ಬಿರುಕು ತೋರಿಸುತ್ತದೆ. ಹೊಸ ಟೈರು ಹಾಕಿಸುವಾಗ ನೆಕ್ಕನ್ನೂ ಬದಲಾಯಿಸಿ ಅನ್ನುವುದು ಇದಕ್ಕೇ. ಆಮೇಲೆ ಟೈರು ರಿಮ್ಮಿಗೆ ಕೂರುವ ಸುತ್ತು. ನಮ್ಮ ಕಡೆಯ ತೇವಕ್ಕೆ ಉಕ್ಕಿನ ರಿಮ್ಮು ಅಲ್ಲಿ ತುಕ್ಕು ಹಿಡಿದು ಉದುರುತ್ತದೆ. ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ನೊರೆಯಂತೆ ಎದ್ದರೆ ಸೋರಿಕೆ ಅಲ್ಲೇ. ಎಷ್ಟು ಪಂಚರ್ ಹಾಕಿಸಿದರೂ ನಿಲ್ಲುವುದಿಲ್ಲ. ಟೈರು ಬಿಚ್ಚಿಸಿ, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿಸಿ, ಸೀಲರ್ ಹಚ್ಚಿಸಿ ಕೂರಿಸಬೇಕು.

ನೈಟ್ರೋಜನ್ ಬಗ್ಗೆ ಎರಡು ಮಾತು ಸಾಕು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದಿದೆ. ಹಾಕಿಸಿದವರು ಮನೆಯಲ್ಲಿ ಮಾಮೂಲಿ ಗಾಳಿ ಸೇರಿಸಿದರೆ ಏನೂ ಆಗುವುದಿಲ್ಲ, ಹಾಕಿಸದವರಿಗೆ ನಷ್ಟವೂ ಇಲ್ಲ.

ಕೊನೆಗೆ ಸ್ಟೆಪ್ನಿ. ಬೇರೆ ನಾಲ್ಕರಷ್ಟೇ ದೊಡ್ಡದಾದರೆ ಸ್ಟಿಕ್ಕರಿನ ಅಂಕಿಗಿಂತ 3ರಿಂದ 5 ಹೆಚ್ಚು ತುಂಬಿಡಿ, ಬೇಕಾದಾಗ ಇಳಿಸುವುದು ಸುಲಭ. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿಯಾದರೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಅದರ ಮೇಲೆಯೇ ಬರೆದಿರುತ್ತದೆ, 80 ಕಿಲೋಮೀಟರ್ ವೇಗ ಮೀರಬಾರದು ಅಂತಲೂ. ಕಾರಿನ ಅಡಿಯಲ್ಲಿ ನೇತುಹಾಕಿದ ಸ್ಟೆಪ್ನಿಯ ವಾಲ್ವು ಕೆಸರು ಮೆತ್ತಿಕೊಂಡು ಎಲ್ಲಿದೆ ಅಂತಲೇ ಕಾಣುವುದಿಲ್ಲ. ಮುಂಗಾರಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕೆಳಗಿಳಿಸಿ, ತೊಳೆದು, ಅಳೆದು ಮತ್ತೆ ಕಟ್ಟಿ. ಇಳಿಸುವ ಸರಪಳಿ ತುಕ್ಕು ಹಿಡಿದಿದೆಯೋ ಅನ್ನುವುದೂ ಆಗಲೇ ಗೊತ್ತಾಗುತ್ತದೆ, ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರ ದಾಟಿದ ಮೇಲೆ ಮಳೆಯಲ್ಲಿ ಅಲ್ಲ.