ಮುಟ್ಟಲೆಂದೇ ಮಾಡಿದ್ದು

ಕಳೆದ ಶನಿವಾರ ಸ್ಕಾಟ್ಲೆಂಡಿನ ಡಂಡಿ ನಗರದ ಕ್ಯಾಂಪರ್‌ಡೌನ್ ಉದ್ಯಾನದಲ್ಲಿ, ಹಳೆಯ ಮರವೊಂದರ ಬೇರುಗಳ ಸಂದಿಯಿಂದ ನನ್ನ ಮಗಳು ಹೊರತೆಗೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಎಂದಿನಂತೆ ಸಹಿ ಹಾಕುವ ಕಾಗದದ ಸುರುಳಿಯ ಜೊತೆಗೆ, ಹೆಬ್ಬೆರಳಿನ ಉಗುರಿನಷ್ಟಿದ್ದ ಬೂದುಬಣ್ಣದ ರಬ್ಬರಿನ ತುಂಡೊಂದು ಸಿಕ್ಕಿತು. ಅದಕ್ಕೆ ಸಣ್ಣ ಸರಪಳಿಯಿಂದ ಲೋಹದ ಬಿಲ್ಲೆಯೊಂದನ್ನು ಕಟ್ಟಿದ್ದರು. ರಬ್ಬರಿನ ಮೇಲೆ ಇಂಗ್ಲಿಷಿನ ‘ಪಿ’ ಅಕ್ಷರವೂ ಅದರ ಪಕ್ಕದಲ್ಲಿ ‘ಪ್ರಿಂಟ್’ ಎಂಬ ಪದವೂ ಅಚ್ಚಾಗಿದ್ದವು. ಅದು 1982ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಝಡ್ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರಿನ ಕೀಲಿಯೆಂದು ನೋಡಿದ ಕೂಡಲೇ ಗೊತ್ತಾಯಿತು. ಆ ಯಂತ್ರದಲ್ಲಿ ‘ಪ್ರಿಂಟ್’ ಎಂಬ ಆದೇಶವನ್ನು ಅಕ್ಷರ ಅಕ್ಷರವಾಗಿ ಬೆರಳಚ್ಚಿಸಬೇಕಾಗಿರಲಿಲ್ಲ. ಸಾಲಿನ ಆರಂಭದಲ್ಲಿ ‘ಪಿ’ ಒತ್ತಿದರೆ ಇಡೀ ಪದವೇ ಪರದೆಯ ಮೇಲೆ ಮೂಡುತ್ತಿತ್ತು.

ಯಾರೋ ಅಡಗಿಸಿಟ್ಟ ಡಬ್ಬಿಗಳನ್ನು ಜಿಪಿಎಸ್ ನೆರವಿನಿಂದ ಪತ್ತೆಹಚ್ಚುವ ಜಿಯೋಕ್ಯಾಶಿಂಗ್ ಎಂಬ ಈ ಹುಡುಕಾಟವು ನಮ್ಮ ಊರಿನ ಓದುಗರಲ್ಲಿ ಹಲವರಿಗೆ ಹೊಸದಾಗಿರಬಹುದು. 2000ದ ಮೇ ತಿಂಗಳ ಮೊದಲ ವಾರದಲ್ಲಿ ಅಮೆರಿಕ ಸರ್ಕಾರವು ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿಯನ್ನು ಕೈಬಿಟ್ಟಿತು. ಅದರ ಬೆನ್ನಲ್ಲೇ ಆರೆಗಾನ್ ರಾಜ್ಯದಲ್ಲಿ ಒಬ್ಬರು ಡಬ್ಬಿಯೊಂದನ್ನು ಅಡಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಆಟ ಅಲ್ಲಿಂದ ಹುಟ್ಟಿತು. ಬಿಲ್ಲೆ ಕಟ್ಟಿದ ಇಂಥ ವಸ್ತುಗಳನ್ನು ಟ್ರ್ಯಾಕಬಲ್ ಎನ್ನುತ್ತಾರೆ. ಬಿಲ್ಲೆಯ ಮೇಲಿನ ಸಂಕೇತಸಂಖ್ಯೆಯನ್ನು ದಾಖಲಿಸಿ, ವಸ್ತುವನ್ನು ಮತ್ತೊಂದು ಡಬ್ಬಿಗೆ ಒಯ್ದು ಇಡಬೇಕೇ ಹೊರತು ಯಾರೂ ತಮ್ಮಲ್ಲೇ ಉಳಿಸಿಕೊಳ್ಳುವಂತಿಲ್ಲ. ಹಳೆಯ ಮನೆ ಕಂಪ್ಯೂಟರುಗಳು ತಯಾರಾದ ಊರುಗಳನ್ನೆಲ್ಲ ನೋಡಬೇಕೆಂಬುದು ಈ ಕೀಲಿಯ ಆಸೆಯೆಂದು ಅದರ ಒಡೆಯರು ಬರೆದಿದ್ದರು.

ಆ ಸಂಜೆ ಮಗಳು ಅದನ್ನು ಎದುರುಮನೆಯ ಅಜ್ಜಿಗೆ ತೋರಿಸಲು ಓಡಿದಳು. ಅವರು ಕನ್ನಡಕ ಏರಿಸಿ, ಕೀಲಿಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಎರಡು ಬಾರಿ ಒತ್ತಿ ನೋಡಿದರು. ಅಕ್ಕಿಯಲ್ಲಿ ಕಲ್ಲು ಹುಡುಕುವಾಗ ನಮ್ಮ ಅಮ್ಮನ ಕಣ್ಣಲ್ಲಿ ಕಾಣುತ್ತಿದ್ದ ಏಕಾಗ್ರತೆಯೇ ಅವರ ಕಣ್ಣಲ್ಲಿತ್ತು. ಅವರು ಇದೇ ಊರಿನ ಟೈಮೆಕ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರೆಂಬುದು ಇಷ್ಟು ವರ್ಷ ಪಕ್ಕದಲ್ಲೇ ಇದ್ದ ನನಗೆ ತಿಳಿದಿರಲಿಲ್ಲ. “ಇವನ್ನು ಮಕ್ಕಳು ಬಡಿಯಲಿ ಎಂದೇ ನಾವು ಮಾಡುತ್ತಿದ್ದೆವು. ಆಗ ನಿಮ್ಮ ಊರಿನಲ್ಲಿ ನೀವು ಯಾವುದರ ಮೇಲೆ ಬಡಿಯುತ್ತಿದ್ದಿರಿ?” ಎಂದು ನನ್ನನ್ನು ಕೇಳಿದರು. ಪ್ರೀತಿಯಿಂದಲೇ ಕೇಳಿದ ಆ ಪ್ರಶ್ನೆಗೆ ನನ್ನಿಂದ ತಟ್ಟನೆ ಉತ್ತರಿಸಲಾಗಲಿಲ್ಲ.

ಕೇಂಬ್ರಿಡ್ಜಿನ ಸಿಂಕ್ಲೇರ್ ಸಂಸ್ಥೆ ರೂಪಿಸಿದ ಝಡ್ಎಕ್ಸ್81 ಮತ್ತು ಸ್ಪೆಕ್ಟ್ರಮ್ ಯಂತ್ರಗಳನ್ನು ಜೋಡಿಸಿದ್ದು ಡಂಡಿಯ ಟೈಮೆಕ್ಸ್ ಕಾರ್ಖಾನೆ. ಕೈಗಡಿಯಾರಗಳ ನಾಜೂಕು ಕೆಲಸದಲ್ಲಿ ಪಳಗಿದ್ದ ಬೆರಳುಗಳೇ, ಅದರಲ್ಲೂ ಹೆಚ್ಚಾಗಿ ಹೆಂಗಸರ ಬೆರಳುಗಳು, ಈ ಜೋಡಣೆಯ ಸಾಲಿನಲ್ಲಿ ದುಡಿದವು. 16 ಕಿಲೋಬೈಟ್ ಸ್ಮೃತಿಯ ಸ್ಪೆಕ್ಟ್ರಮ್‌ಗೆ ಆರಂಭದಲ್ಲಿ 125 ಪೌಂಡ್, 48 ಕಿಲೋಬೈಟಿನದಕ್ಕೆ 175 ಪೌಂಡ್ ಬೆಲೆಯಿತ್ತು. ಮನೆಯ ಟಿ.ವಿ.ಯನ್ನೇ ಪರದೆಯಾಗಿ, ಕ್ಯಾಸೆಟ್ ರೆಕಾರ್ಡರನ್ನೇ ಉಗ್ರಾಣವಾಗಿ ಬಳಸಿಕೊಳ್ಳಬಹುದಾಗಿದ್ದರಿಂದ ಸಾಮಾನ್ಯ ಕುಟುಂಬಗಳೂ ಅದನ್ನು ಕೊಳ್ಳಬಲ್ಲವರಾದರು. ದೀರ್ಘ ಮುಷ್ಕರದ ನಂತರ 1993ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆದರೆ ಅಲ್ಲಿ ತರಬೇತಿ ಪಡೆದಿದ್ದ ಡೇವಿಡ್ ಜೋನ್ಸ್ ಎಂಬ ಯುವಕ ಅದಕ್ಕೂ ಮೊದಲೇ ಇದೇ ಊರಿನಲ್ಲಿ ಡಿಎಂಎ ಡಿಸೈನ್ ಎಂಬ ಸಂಸ್ಥೆ ಕಟ್ಟಿದ್ದರು. ಅಲ್ಲಿಂದ 1991ರಲ್ಲಿ ‘ಲೆಮ್ಮಿಂಗ್ಸ್’, 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಎಂಬ ಆಟಗಳು ಹೊರಬಂದವು. ಇಲ್ಲಿನ ಅಬರ್ಟೇ ವಿಶ್ವವಿದ್ಯಾಲಯ 1997ರಲ್ಲಿಯೇ ಕಂಪ್ಯೂಟರ್ ಆಟಗಳ ಪದವಿ ಶಿಕ್ಷಣವನ್ನು ಆರಂಭಿಸಿತು. ಮಕ್ಕಳು ಬಡಿದ ಕೀಲಿಗಳು ಒಂದು ಊರಿಗೆ ಹೊಸ ಕಸುಬನ್ನೇ ಕೊಟ್ಟವೆಂದು ನಾನು ನಂಬಿದ್ದೇನೆ.

ನಮ್ಮ ಊರಿಗೂ ಆ ಕಾಲದಲ್ಲಿ ಕಂಪ್ಯೂಟರ್ ಬಂದಿತ್ತು. 1984ರಲ್ಲಿ ಭಾರತ ಸರ್ಕಾರ ಕ್ಲಾಸ್ ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಡತೊಡಗಿತು. ಅದೂ ಕೇಂಬ್ರಿಡ್ಜಿನದೇ, ಏಕಾರ್ನ್ ಸಂಸ್ಥೆ ರೂಪಿಸಿದ್ದು. ನಮ್ಮ ಪ್ರೌಢಶಾಲೆಗೆ ಬಂದ ಎರಡು ಯಂತ್ರಗಳಿಗಾಗಿ ಕೋಣೆಯೊಂದಕ್ಕೆ ಸುಣ್ಣ ಬಳಿದು, ಕಿಟಕಿಗೆ ಪರದೆ ಕಟ್ಟಿ, ಬಾಗಿಲಿಗೆ ಹೊಸ ಬೀಗ ಹಾಕಿದರು. ನಾವು ಚಪ್ಪಲಿ ಬಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಹೋಗಬೇಕಾಗಿತ್ತು. ಕಸೂತಿ ಹಾಕಿದ ಬಟ್ಟೆಯನ್ನು ಮೇಷ್ಟ್ರು ಸರಿಸಿದಾಗ, ಸಾಲಾಗಿದ್ದ ಹತ್ತು ಕೆಂಪು ಕೀಲಿಗಳೂ ಚುಕ್ಕಿಗಳಿಂದ ಬರೆದ ಗೂಬೆಯ ಗುರುತೂ ಕಾಣುತ್ತಿದ್ದವು. ಆಯುಧಪೂಜೆಯಂದು ಅದಕ್ಕೂ ಕುಂಕುಮವಿಟ್ಟು ಹೂವು ಏರಿಸಿದೆವು. ಆ ಪೂಜೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ‘10 ಪ್ರಿಂಟ್’ ಎಂದು ಶುರುವಾಗಿ ನನ್ನ ಹೆಸರನ್ನು ಮತ್ತೆ ಮತ್ತೆ ತೋರಿಸುವ ಎರಡು ಸಾಲಿನ ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಅಂದವಾಗಿ ಬರೆದುಕೊಂಡು, ನನ್ನ ಸರದಿಗಾಗಿ ಒಂದು ಇಡೀ ವರ್ಷ ಕಾದೆ. ಸರದಿ ಬರಲಿಲ್ಲ, ಹತ್ತನೆಯ ತರಗತಿ ಮುಗಿಯಿತು.

ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಇಂಗ್ಲೆಂಡಿನಲ್ಲಿಯೇ 399 ಪೌಂಡ್ ಬೆಲೆಯಿದ್ದ ಮಾದರಿಯದು. ಕೆಟ್ಟರೆ ರಿಪೇರಿ ಮಾಡುವವರು ಸುತ್ತಮುತ್ತ ಇರಲಿಲ್ಲ, ಲೆಕ್ಕ ಕೊಡಬೇಕಾದವರು ಅವರೇ. ಆದರೂ, ಕೆಡುವ ಭಯದಿಂದ ಕಲಿಕೆಯ ಸಾಧನಕ್ಕೇ ಬೀಗ ಹಾಕುವ ಅಭ್ಯಾಸ ನಮ್ಮ ಊರನ್ನು ಬಿಟ್ಟು ಹೋಗಿಲ್ಲವೆಂಬುದು ನನ್ನನ್ನು ನೋಯಿಸುತ್ತದೆ. ಹೋದ ವರ್ಷ ಊರಿಗೆ ಹೋದಾಗ, ತನ್ನ ಶಾಲೆಯ ಪ್ರಯೋಗಾಲಯವನ್ನು ತೋರಿಸಿದ ಅಣ್ಣನ ಮಗನೂ ಗಾಜಿನ ಬೀರುವಿನ ಹೊರಗೆ ನಿಂತು ಬೆರಳು ತೋರಿಸಿಯೇ ವಿವರಿಸಿದ್ದ.

ಇದನ್ನೆಲ್ಲ ನಾನು ನಿಧಾನವಾಗಿ ಹೇಳಿ ಮುಗಿಸುವವರೆಗೂ ಅಜ್ಜಿ ಸುಮ್ಮನೆ ಕೇಳಿದರು. ಆಮೇಲೆ ಕೀಲಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ತಳ್ಳಿ, “ಒತ್ತು” ಎಂದರು. ಒತ್ತಿದೆ. ನಲವತ್ತು ವರ್ಷ ದಾಟಿದ ರಬ್ಬರು ಮೆತ್ತಗೆ ಕುಸಿದು, ಬೆರಳನ್ನು ಮತ್ತೆ ಮೇಲಕ್ಕೆ ತಳ್ಳಿತು.

ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಅದನ್ನು ಒಯ್ಯಲು ಒಡೆಯರ ಒಪ್ಪಿಗೆ ಕೇಳಿದ್ದೇನೆ. ಟ್ರ್ಯಾಕಬಲ್‌ನ ದಾಖಲೆಯಲ್ಲಿ ಏನು ಬರೆಯಲೆಂದು ಮಗಳು ಕೇಳಿದಾಗ, ಆ ನೋಟ್‌ಬುಕ್ಕಿನ ಎರಡು ಸಾಲುಗಳನ್ನು ಹೇಳಿದೆ, ಅವಳು ಬೆರಳಚ್ಚಿಸಿದಳು.