ಸಕ್ಕರೆ ಬಟ್ಟಲಲ್ಲಿ ಜೇಡ

ಆಟಿ ತಿಂಗಳ ಮಳೆ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಎರಡು ದಿನ ಆಗಿತ್ತು. ಎಲ್ಲೋ ಅಡಿಕೆ ಮರ ತಂತಿಯ ಮೇಲೆ ಬಿದ್ದಿದೆಯಂತೆ. ಫೋನಿನಲ್ಲಿ ಚಾರ್ಜಿಲ್ಲ, ಸುಮ್ನೆ ಕೂತು ಕೂತು ಸಾಕಾಗಿ, ತಂಗಿ ಮಂಗಳೂರಿನಿಂದ ತಂದು ಅರ್ಧ ಓದಿ ಬಿಟ್ಟುಹೋದ ಪುಸ್ತಕ ಒಂದನ್ನು ಹಿಡಿದೆ. ಶರ್ಲಿ ಜ್ಯಾಕ್ಸನ್ ಬರೆದ ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್’. 1962ರದ್ದು. ಅದಾಗಿ ಮೂರು ವರ್ಷಕ್ಕೆ ಲೇಖಕಿ ತೀರಿಕೊಂಡರು, ಅವರು ಪೂರ್ತಿ ಮಾಡಿದ ಕೊನೆಯ ಕಾದಂಬರಿ ಇದೇ.

ಸಣ್ಣ ಪುಸ್ತಕ. ಆದರೆ ಸಣ್ಣ ಕಥೆ ಅಲ್ಲ. ಅಮೆರಿಕದ ಒಂದು ಹಳ್ಳಿಯ ಅಂಚಿನಲ್ಲಿ ದೊಡ್ಡ ಮನೆ. ಆರು ವರ್ಷದ ಹಿಂದೆ ಒಂದು ರಾತ್ರಿ ಊಟ ಮುಗಿಸಿ ಬ್ಲ್ಯಾಕ್‌ಬೆರಿ ಹಣ್ಣಿಗೆ ಸಕ್ಕರೆ ಹಾಕಿಕೊಂಡು ತಿಂದಿದ್ದಾರೆ, ಸಕ್ಕರೆಯಲ್ಲಿ ಪಾಷಾಣ. ಅಪ್ಪ, ಅಮ್ಮ, ತಮ್ಮ, ಅಂಕಲ್‌ನ ಹೆಂಡತಿ, ಹೀಗೆ ನಾಲ್ಕು ಹೆಣ. ಅಂಕಲ್ ಸಕ್ಕರೆ ಕಮ್ಮಿ ಹಾಕಿಕೊಂಡದ್ದಕ್ಕೆ ಬದುಕಿ ಗಾಲಿಕುರ್ಚಿ ಹಿಡಿದ. (ಚಿಕ್ಕಪ್ಪನೋ ದೊಡ್ಡಪ್ಪನೋ, ಇಂಗ್ಲಿಷಿನಲ್ಲಿ ಅದೊಂದು ದೊಡ್ಡ ಕಷ್ಟ, ಎಲ್ಲರೂ ಅಂಕಲ್.) ಅಕ್ಕ ಕಾನ್‌ಸ್ಟನ್ಸ್ ಸಕ್ಕರೆ ಮುಟ್ಟುವವಳಲ್ಲ. ಅಡುಗೆ ಮಾಡಿದ್ದು ಅವಳೇ, ಹಾಗಾಗಿ ಕೇಸು ಅವಳ ಮೇಲೆಯೇ ಬಿತ್ತು, ಕೋರ್ಟಿನಲ್ಲಿ ಬಿಡುಗಡೆಯೂ ಆಯಿತು. ತಂಗಿ ಮೆರಿಕ್ಯಾಟ್ ಆವತ್ತು ಬೈಗುಳ ತಿಂದು ಊಟವಿಲ್ಲದೆ ಮಲಗಿದ್ದಳು. ಈಗ ಅವಳಿಗೆ 18, ಕಥೆ ಹೇಳುವವಳು ಅವಳೇ.

ಯಾರು ಹಾಕಿದ್ದು ಅಂತ ನಾನು ಹೇಳುವುದಿಲ್ಲ. ಅರ್ಧ ಓದುವಾಗಲೇ ನಿಮಗೆ ಗೊತ್ತಾಗುತ್ತದೆ, ಗೊತ್ತಾದರೂ ಪುಸ್ತಕ ಕೆಳಗಿಡಲು ಆಗುವುದಿಲ್ಲ. ಯಾಕೆಂದರೆ ಹೆದರಿಕೆ ಇರುವುದು ಅಲ್ಲಿ ಅಲ್ಲ, ಅಡುಗೆಮನೆಯಲ್ಲಿ. ಅಷ್ಟು ಜನ ಸತ್ತ ಮನೆಯಲ್ಲಿ ಹೊತ್ತು ಹೊತ್ತಿಗೆ ಬಿಸಿ ಅಡುಗೆ ಆಗುತ್ತದೆ, ಎಲ್ಲ ಒಪ್ಪ ಓರಣ. ನೆಲಮಾಳಿಗೆಯಲ್ಲಿ ಆ ಮನೆಯ ಅಜ್ಜಿ ಮುತ್ತಜ್ಜಿಯರು ಹಾಕಿಟ್ಟ ಜಾಮು, ಉಪ್ಪಿನಕಾಯಿ ಸಾಲು ಸಾಲಾಗಿ ಇವೆ. ಅಕ್ಕ ತಾನು ಹಾಕಿದ್ದನ್ನು ಮಾತ್ರ ಬಡಿಸುತ್ತಾಳೆ. ಹಳೆಯದನ್ನು ತಿಂದರೆ ಸಾಯುತ್ತೇವೆ ಅಂತ ಹೇಳಿ ಹಾಗೇ ಬಿಟ್ಟಿದ್ದಾಳೆ.

ಇದನ್ನು ಓದಿ ತಲೆ ಎತ್ತಿ ನೋಡಿದೆ. ನಮ್ಮ ಅಟ್ಟದಲ್ಲೂ ಒಂದು ಭರಣಿ ಇದೆ. ಅಜ್ಜಿ ಹಾಕಿದ ಮಾವಿನಮಿಡಿ. ಬಾಯಿಗೆ ಕಟ್ಟಿದ ಬಿಳಿ ಬಟ್ಟೆ ಹೊಗೆಗೆ ಕಪ್ಪಾಗಿ, ದಾರ ಬಟ್ಟೆಗೆ ಅಂಟಿಕೊಂಡಿದೆ. ಅಜ್ಜಿ ಹೋಗಿ 9 ವರ್ಷ. ಅಪ್ಪ, ದೊಡ್ಡಪ್ಪ ಪಾಲಾಗುವಾಗ ಅಡಿಕೆ ಮರ ಒಂದೊಂದಾಗಿ ಎಣಿಸಿದರು, ತಾಮ್ರದ ಹಂಡೆ ತೂಕ ಮಾಡಿದರು, ಜಗಲಿಯ ನಡುವೆ ಗೋಡೆ ಕಟ್ಟಿದರು. ಆ ಭರಣಿ ಮಾತ್ರ ಯಾರೂ ಕೇಳಲಿಲ್ಲ.

ಮಂಗಳವಾರ, ಶುಕ್ರವಾರ ಮೆರಿಕ್ಯಾಟ್ ಸಾಮಾನು ತರಲು ಪೇಟೆಗೆ ಹೋಗುತ್ತಾಳೆ. ಅವಳನ್ನು ನೋಡಿದ ಕೂಡಲೇ ಅಂಗಡಿಯಲ್ಲಿ ಮಾತು ನಿಲ್ಲುತ್ತದೆ, ಮಕ್ಕಳು ಹಾಡು ಕಟ್ಟಿ ಅಣಕಿಸುತ್ತಾರೆ. ನಮ್ಮದೇನೂ ಅಷ್ಟು ದೊಡ್ಡ ಕಥೆ ಅಲ್ಲ, ಆದರೂ ಪಾಲಿನ ಗಲಾಟೆಯ ವರ್ಷ ನಾನು ರೇಷನ್ ಅಂಗಡಿಗೆ ಹೋದರೆ ಮಲಯಾಳದಲ್ಲಿ ಆಗುತ್ತಿದ್ದ ಮಾತು ತಟ್ಟನೆ ತುಳುವಿಗೆ ತಿರುಗುತ್ತಿತ್ತು. ಏನು ಪ್ರಯೋಜನ ಹೇಳಿ? ಈ ಊರಿನಲ್ಲಿ ಎಲ್ಲರಿಗೂ ಎಲ್ಲ ಭಾಷೆ ಬರುತ್ತದೆ.

ಮೆರಿಕ್ಯಾಟ್‌ಗೆ ಇನ್ನೊಂದು ಅಭ್ಯಾಸ. ಮನೆಯ ರಕ್ಷಣೆಗೆ ಅಂತ ಬೆಳ್ಳಿ ನಾಣ್ಯ ಮಣ್ಣಲ್ಲಿ ಹೂಳುತ್ತಾಳೆ, ಅಪ್ಪನ ಪುಸ್ತಕವನ್ನು ಕಾಡಿನ ಮರಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದಾಳೆ. ಬೇರೆ ಕಡೆಯವರಿಗೆ ಇದು ಹುಚ್ಚು ಅನ್ನಿಸಬಹುದು. ನಮ್ಮಲ್ಲಿ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ಯಾರೋ ಮಾಟದ ತಗಡು ಹೂತಿದ್ದಾರೆ ಅಂತ ದನದ ಹಟ್ಟಿಯ ಹಿಂದೆ ಸೊಂಟದವರೆಗೆ ಅಗೆದಿದ್ದೇವೆ. ಸಿಕ್ಕಿದ್ದು ತುಕ್ಕು ಹಿಡಿದ ಒಂದು ಕತ್ತಿ. ಹುಲ್ಲು ಕೊಯ್ಯುವ ಕತ್ತಿ, ನಮ್ಮದೇ.

ಒಂದು ತಕರಾರು ಇದೆ. ನಡುವೆ ಚಾರ್ಲ್ಸ್ ಅನ್ನುವ ನೆಂಟ ಒಬ್ಬ ಬರುತ್ತಾನೆ, ಕಣ್ಣೆಲ್ಲ ತಿಜೋರಿಯ ಮೇಲೆ. ಬಂದ ದಿನವೇ ಅವನ ಬಣ್ಣ ಗೊತ್ತಾಗುತ್ತದೆ. ಉಳಿದವರನ್ನೆಲ್ಲ ಅಷ್ಟು ಗುಟ್ಟಾಗಿ ಬರೆದವರು ಇವನೊಬ್ಬನನ್ನು ಯಾಕೆ ಹೀಗೆ ಬಯಲಿಗೆ ಬಿಟ್ಟರೋ. ಕೊನೆಯ ಭಾಗದಲ್ಲಿ ಊರಿನ ಜನ ಆ ಮನೆಗೆ ಏನು ಮಾಡುತ್ತಾರೆ, ಅದಾದ ಮೇಲೆ ಬಾಗಿಲಲ್ಲಿ ಏನು ತಂದಿಡುತ್ತಾರೆ ಅನ್ನುವುದನ್ನು ನೀವೇ ಓದಿ. ನನಗೆ ವಿಷಕ್ಕಿಂತ ಜಾಸ್ತಿ ಹೆದರಿಕೆ ಆದದ್ದು ಅಲ್ಲಿ.

ರಾತ್ರಿ ಚಿಮಿಣಿ ದೀಪದಲ್ಲಿ ಅಮ್ಮ ಹಲಸಿನ ಬೇಳೆಯ ಸಿಪ್ಪೆ ತೆಗೆಯುತ್ತಿದ್ದಳು. ಕಥೆ ಹೇಳು ಅಂದಳು, ಹೇಳಿದೆ. ಪೊಲೀಸರು ಬರುವ ಮೊದಲು ಅಕ್ಕ ಸಕ್ಕರೆ ಬಟ್ಟಲನ್ನು ತೊಳೆದಿಟ್ಟದ್ದು, ಯಾಕೆ ತೊಳೆದೆ ಅಂದರೆ ಅದರಲ್ಲಿ ಜೇಡ ಇತ್ತು ಅಂದದ್ದು, ಅಷ್ಟು ಹೇಳುವಾಗ ಅಮ್ಮನ ಕೈ ನಿಂತಿತು.

“ಹಾಗಾದರೆ ಹಾಕಿದ್ದು…” ಅಂತ ಹೆಸರು ಹೇಳಿಯೇಬಿಟ್ಟಳು. ಸರಿಯಾಗಿತ್ತು.

“ನಿನಗೆ ಹೇಗೆ ಗೊತ್ತಾಯಿತು?”

“ಜೇಡ ಅಂದದ್ದು ಒಳ್ಳೆಯದಾಯಿತು. ನಾನಾದರೆ ಇರುವೆ ಅನ್ನುತ್ತಿದ್ದೆ.”

ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟರೆ ಏನಿಲ್ಲ. ನಾನೇ ಕೇಳಿದೆ, “ಅಮ್ಮ, ಅಟ್ಟದ ಆ ಭರಣಿ ಕೆಳಗೆ ಇಳಿಸೋಣವಾ?”

“ಬೇಡ ಮಗಾ, ಅದು ಅಲ್ಲಿರಲಿ” ಅಂದಳು ಅಮ್ಮ. ಇನ್ನೊಂದು ಬೇಳೆ ತೆಗೆದುಕೊಂಡಳು.